ಪಾನಕ ಮಾಡೋದ್ರಲ್ಲಿ ಏನು ಮಹಾ

ಹೋದ ಬೇಸಿಗೆಯಲ್ಲಿ ನನ್ನಣ್ಣ ಶ್ರೀಧರ ಜೆ.ಪಿ. ನಗರದ ತನ್ನ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಮೈಕು ಹಿಡಿದು ನಮ್ಮಮ್ಮನ ಬಗ್ಗೆ ಭಾಷಣ ಮಾಡಿದ. ಕಾಲಕ್ಕೊಂದು ಮನೆಪಾನೀಯ ಅಂತ ಅಲ್ಲಿನ ಹಿರಿಯರೆಲ್ಲ ಸೇರಿ ಇಟ್ಟುಕೊಂಡಿದ್ದ ಕಾರ್ಯಕ್ರಮ ಅದು. ಉದ್ದನೆಯ ಮೇಜಿನ ಮೇಲೆ ಗಾಜಿನ ಜಾಡಿಗಳು, ಅಂಚಿಗೆ ಪುದೀನಾ ಸಿಕ್ಕಿಸಿದ ಲೋಟಗಳು, ಮೇಲೆ ಮಂಜುಗಡ್ಡೆಯಷ್ಟು ತಣ್ಣನೆಯ ಏಸಿ. ಅಣ್ಣ ಗಂಟಲು ಸರಿಮಾಡಿಕೊಂಡು ಹೇಳಿದ:

“ನಮ್ಮ ತಾಯಿ ಶ್ರೀನಗರದ ಮನೇಲಿ ವರ್ಷಪೂರ್ತಿ ಏನಾದ್ರೂ ಒಂದು ಮಾಡ್ತಾನೇ ಇರೋರು. ಬೇಸಿಗೇಲಿ ಪಾನಕ, ಮಳೇಲಿ ಕಷಾಯ, ಚಳೀಲಿ ರಾಗಿ ಅಂಬ್ಲಿ. ತುಂಬಾ ಸಿಂಪಲ್. ಐದು ನಿಮಿಷದ ಕೆಲ್ಸ. ಆದ್ರೆ ಅದ್ರಲ್ಲಿ ಪ್ರೀತಿ ಇತ್ತು ನೋಡಿ, ಅದು ಈಗ ಸಿಗಲ್ಲ.”

ಜನ ಚಪ್ಪಾಳೆ ತಟ್ಟಿದರು. ಎರಡನೇ ಸಾಲಿನಲ್ಲಿ ಕೂತಿದ್ದ ನನಗೆ ಕೈ ಮೇಲೇಳಲಿಲ್ಲ. ಐದು ನಿಮಿಷವಂತೆ! ಇವನಿಗೆ ಹೇಗೆ ಗೊತ್ತಾಗಬೇಕು? ಬಾಲ್ಯವಿಡೀ ಇವನು ಕಂಡದ್ದು ತುಂಬಿದ ಲೋಟವನ್ನು. ಆ ಲೋಟ ಅಡುಗೆಮನೆಯಿಂದ ಹಜಾರಕ್ಕೆ ನಡೆದು ಬರುತ್ತಿತ್ತು, ಇವನು ಕೈ ಚಾಚುತ್ತಿದ್ದ, ಖಾಲಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬೀದಿಗೆ ಓಡುತ್ತಿದ್ದ. ಸಿಟ್ಟು ಆರುವ ವಯಸ್ಸು ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ಮಂಡಿ ಸವೆದಿದೆ, ಕಣ್ಣಿನ ಪೊರೆ ತೆಗೆಸಿಕೊಂಡಿದ್ದೇನೆ, ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಆದರೂ ಅವತ್ತು ಆ ಭಾಷಣ ಕೇಳಿ ಮೈಯೆಲ್ಲ ಉರಿದುಹೋಯಿತು. ಆ ಉರಿ ಎಲ್ಲಿಂದ ಶುರುವಾಯಿತು ಅನ್ನುವುದನ್ನು ಹೇಳಿಬಿಡಬೇಕು.

ಶ್ರೀನಗರದ ನಮ್ಮ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ರಸ್ತೆಯ ಕಡೆಗೆ ಹಜಾರ, ಅದರ ಹಿಂದೆ ಹಗಲಲ್ಲೂ ದೀಪ ಹಾಕಬೇಕಾಗಿದ್ದ ನಡುಕೋಣೆ, ಆಮೇಲೆ ಅಡುಗೆಮನೆ, ಕಟ್ಟಕಡೆಗೆ ಒಗೆಯುವ ಕಲ್ಲೂ ಒರಳೂ ಇದ್ದ ಹಿತ್ತಲು. ಮನೆಗೆಲ್ಲ ಇದ್ದ ಒಂದೇ ಫ್ಯಾನು ಹಜಾರದಲ್ಲಿತ್ತು. ಅದರ ಕೆಳಗೆ ಅಪ್ಪನ ಬೆತ್ತದ ಕುರ್ಚಿ, ಪಕ್ಕದಲ್ಲಿ ಅಜ್ಜಿಯ ಮಂಚ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅಜ್ಜಿ ಅಪ್ಪನ ತಾಯಿ. ಮನೆಯವರ ಮೈಯ ಉಷ್ಣ, ಶೀತ, ಪಿತ್ತಗಳ ಮೇಲೆಲ್ಲ ಅಜ್ಜಿಯದೇ ಅಧಿಕಾರ. ಬೆಳಿಗ್ಗೆ ಎದ್ದು ಆಕಾಶ ನೋಡಿ, ಮೂಗಿನಿಂದ ಗಾಳಿ ಎಳೆದು, ಇವತ್ತು ಯಾರ ಹೊಟ್ಟೆಗೆ ಏನು ಬೀಳಬೇಕು ಎಂದು ಮಂಚದ ಮೇಲಿಂದಲೇ ಅಪ್ಪಣೆ ಕೊಡುತ್ತಿದ್ದಳು. ಅಪ್ಪಣೆ ನಡುಕೋಣೆ ದಾಟಿ ಅಡುಗೆಮನೆ ತಲುಪುತ್ತಿತ್ತು. ಅಲ್ಲಿ ಅಮ್ಮ ಇದ್ದಳು. ಅಲ್ಲಿ ಕಿಟಕಿ ಇರಲಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಹೊಗೆ ಹೋಗಲೆಂದು ಬಿಟ್ಟಿದ್ದ ಒಂದು ಕಿಂಡಿ ಮಾತ್ರ.

ಬೇಲದ ಹಣ್ಣಿನ ಪಾನಕ ಅಂದರೆ ಈಗಿನವರು ಬಾಯಿ ಚಪ್ಪರಿಸುತ್ತಾರೆ. ಆ ಹಣ್ಣನ್ನು ಒಡೆದು ನೋಡಿದ್ದೀರಾ? ಅಮ್ಮ ಹಿತ್ತಲಿನ ಕಲ್ಲಿಗೆ ಬಡಿದು ಬಡಿದು ಅದರ ಚಿಪ್ಪು ಬಿರುಕು ಬಿಡಿಸುತ್ತಿದ್ದಳು. ಒಳಗಿನ ತಿರುಳನ್ನು ಬೆರಳಿನಿಂದ ಕೆರೆದು ತೆಗೆದು, ಬೆಲ್ಲದ ನೀರಿನಲ್ಲಿ ನೆನೆಸಿ, ಕಿವುಚಿ, ನಾರು ಬೀಜಗಳನ್ನೆಲ್ಲ ಬೇರೆ ಮಾಡಿ, ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಸೋಸಿದ್ದು ಸಾಲದು ಎಂದು ಇನ್ನೊಮ್ಮೆ ಸೋಸುತ್ತಿದ್ದಳು. ಅಪ್ಪನಿಗೆ ಬಾಯಿಗೆ ಒಂದು ಬೀಜ ಸಿಕ್ಕರೂ ಆಗುತ್ತಿರಲಿಲ್ಲ. ರಾಗಿ ಅಂಬಲಿಯದು ಇನ್ನೊಂದು ಕತೆ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ತಾರಸಿಯಲ್ಲಿ ಹರವಿ, ಗುಬ್ಬಿ ಕಾಗೆಗಳಿಂದ ಕಾಯ್ದು, ಒಣಗಿದ್ದನ್ನು ಉಜ್ಜಿ, ಘಮ್ ಎನ್ನುವವರೆಗೆ ಹುರಿದು, ಮಿಲ್ಲಿಗೆ ಹೊತ್ತುಕೊಂಡು ಹೋಗಿ ಬೀಸಿಸಿ ತಂದು, ವಸ್ತ್ರಗಾಳಿತ ಮಾಡಿ ಡಬ್ಬಕ್ಕೆ ತುಂಬಬೇಕು. ಅಣ್ಣ ಹೇಳಿದ ಐದು ನಿಮಿಷ ಶುರುವಾಗುವುದು ಇದೆಲ್ಲ ಮುಗಿದ ಮೇಲೆ. ಮಳೆಗಾಲ ಬಂತೆಂದರೆ ಕಷಾಯದ ಪುಡಿ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿಯನ್ನು ಹುರಿಯುವಾಗ ಏಳುವ ಘಾಟು ಆ ಕಿಂಡಿಯಿಂದ ಹೋಗುತ್ತಿದ್ದುದು ಅಷ್ಟರಲ್ಲೇ ಇತ್ತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ ಅಮ್ಮ ಹುರಿಯುತ್ತಿದ್ದರೆ ಹಜಾರದ ಮಂಚದಿಂದ ಕೂಗು ಬರುತ್ತಿತ್ತು:

“ಸೀದ ವಾಸನೆ ಬರ್ತಾ ಇದೆ ಕಣೇ! ಬಾಣಲಿ ಮುಂದೆ ಕೂತ್ಕೊಂಡು ನಿದ್ದೆ ಹೊಡೀತಿದೀಯಾ?”

ಎಲ್ಲ ಆಗಿ ಲೋಟಗಳು ಹೊರಟರೆ ಮೊದಲನೆಯದು ಅಜ್ಜಿಗೆ, ಆಮೇಲೆ ಅಪ್ಪನಿಗೆ, ಯಾರಾದರೂ ಬಂದಿದ್ದರೆ ಅವರಿಗೆ, ಆಮೇಲೆ ಅಣ್ಣನಿಗೆ, ನನಗೆ. ಅಮ್ಮ ತಳದಲ್ಲಿ ಉಳಿದ ಗಸಿಗೆ ಒಂದಿಷ್ಟು ನೀರು ಹಾಕಿ, ಪಾತ್ರೆಯನ್ನೇ ಅಲುಗಾಡಿಸಿ, ನಿಂತಲ್ಲೇ ಎತ್ತಿ ಕುಡಿದು, ಅದೇ ಪಾತ್ರೆಯನ್ನು ತೊಳೆಯಲು ಹಾಕುತ್ತಿದ್ದಳು. ಇದನ್ನು ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು. ಒಂದು ಸಲ ಅಪ್ಪನ ಹತ್ತಿರ ಹೇಳಿಯೂ ಬಿಟ್ಟೆ, ಅಮ್ಮನಿಗೆ ಕೈನೋವು, ಇವತ್ತು ಪಾನಕ ಬೇಡ ಅಂತ. ಅಪ್ಪ ಪೇಪರಿನಿಂದ ತಲೆ ಎತ್ತದೆ ನಕ್ಕರು.

“ಪಾನಕ ಮಾಡೋದ್ರಲ್ಲಿ ಏನು ಮಹಾ? ಬೆಲ್ಲ, ನೀರು. ಅಷ್ಟೇ ತಾನೆ.”

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆಯ ಆರಂಭಕ್ಕೆ ಅಮ್ಮನಿಗೆ ಕಾಮಾಲೆ ಬಂತು. ಮೊದಲು ಊಟ ಸೇರದಾಯಿತು, ಆಮೇಲೆ ಕಣ್ಣು ಹಳದಿಯಾಯಿತು. ಹಾಗಿದ್ದೂ ಅವಳು ಕೆಲಸ ಬಿಡಲಿಲ್ಲ, ಬಿಡಿಸುವವರೂ ಇರಲಿಲ್ಲ. ಒಂದು ಮಧ್ಯಾಹ್ನ ಮಜ್ಜಿಗೆ ಕಡೆಯುತ್ತಿದ್ದವಳು ಕಡಗೋಲು ಕೈಯಲ್ಲಿದ್ದಂತೆಯೇ ಗೋಡೆಗೆ ಒರಗಿಬಿಟ್ಟಳು. ಮನೆಗೆ ಬಂದ ಡಾಕ್ಟರು ನಡುಕೋಣೆಯ ಮಂದ ಬೆಳಕಿನಲ್ಲಿ ಅವಳ ಕಣ್ಣರೆಪ್ಪೆ ಬಿಡಿಸಿ ನೋಡಿ, ಮೇಲೇಳಕೂಡದು, ಎಣ್ಣೆ ಮುಟ್ಟಕೂಡದು, ಕುದಿಸಿ ಆರಿಸಿದ ನೀರು, ಬಾರ್ಲಿ ನೀರು, ತೆಳು ಮಜ್ಜಿಗೆ, ಎಳನೀರು ಹೊತ್ತುಹೊತ್ತಿಗೆ ಕೊಡುತ್ತಲೇ ಇರಬೇಕು ಎಂದರು. ಅಪ್ಪ ಆಗಲಿ ಸಾರ್, ಆಗಲಿ ಸಾರ್ ಎಂದು ತಲೆಯಾಡಿಸಿದರು. ಡಾಕ್ಟರು ಹೋದಮೇಲೆ ಅಪ್ಪ ಅಜ್ಜಿಯ ಮುಖ ನೋಡಿದರು, ಅಜ್ಜಿ ನನ್ನ ಮುಖ ನೋಡಿದಳು. ಅಣ್ಣ ನನಗಿಂತ ದೊಡ್ಡವನು, ಬಾಗಿಲಲ್ಲೇ ನಿಂತಿದ್ದ. ಅವನ ಮುಖವನ್ನು ಯಾರೂ ನೋಡಲಿಲ್ಲ.

ವರ್ಷಗಟ್ಟಲೆ ಊರಿಗೆಲ್ಲ ಕುಡಿಸಿದವಳಿಗೆ ಒಂದು ಲೋಟ ಕೊಡಲು ಆ ಮನೆಯಲ್ಲಿ ಕೈಗಳಿರಲಿಲ್ಲ. ಬಾರ್ಲಿಯನ್ನು ಎಷ್ಟು ನೀರಿಗೆ ಎಷ್ಟು ಹಾಕಬೇಕು ಅನ್ನುವುದನ್ನು ನಾನು ಮಲಗಿದ್ದ ಅಮ್ಮನನ್ನೇ ಕೇಳಿಕೊಂಡು ಬಂದೆ. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಕಾಳು ಬಾಯಿ ಬಿಡೋ ತನಕ ಬೇಯ್ಲಿ ಕಂದ. ಉಕ್ಕತ್ತೆ, ಅಲ್ಲೇ ನಿಂತ್ಕೋ.” ಸೀಮೆಎಣ್ಣೆ ಸ್ಟೋವಿನ ಮುಂದೆ ನಿಂತೆ. ಆದರೂ ಉಕ್ಕಿತು, ಬತ್ತಿ ನಂದಿತು, ಮತ್ತೆ ಹಚ್ಚಿದೆ. ಕೈ ಸುಟ್ಟುಕೊಂಡೆ. ಕೊನೆಗೆ ಸೋಸಿ, ಚಿಟಿಕೆ ಉಪ್ಪು ಹಾಕಿ, ಆರಲೆಂದು ಹಿತ್ತಾಳೆ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿ, ಸ್ನಾನಕ್ಕೆ ಹೋದೆ. ನನ್ನ ಜೀವಮಾನದಲ್ಲಿ ನಾನು ಪೂರ್ತಿ ನನ್ನ ಕೈಯಾರೆ ಮಾಡಿದ ಮೊದಲ ಪಾನೀಯ ಅದು. ಅಮ್ಮನಿಗೆ ಅಂತ ಯಾರಾದರೂ ಮಾಡಿದ್ದರಲ್ಲೂ ಅದೇ ಮೊದಲನೆಯದಿರಬೇಕು.

ಸ್ನಾನ ಮುಗಿಸಿ ಬಂದರೆ ಹಜಾರದಲ್ಲಿ ಮಾತು, ನಗು. ನಮ್ಮ ಬೀದಿಯ ರಾಮೋತ್ಸವ ಸಮಿತಿಯವರು ಬಂದಿದ್ದರು. ಪ್ರತಿ ವರ್ಷ ರಾಮನವಮಿಗೆ ಬೀದಿಯ ಕೊನೆಯಲ್ಲಿ ಚಪ್ಪರ ಹಾಕಿ ಹೋಗಿಬರುವವರಿಗೆಲ್ಲ ಪಾನಕ, ಕೋಸಂಬರಿ ಹಂಚುವವರು. ಆ ಪಾನಕವೂ ನಮ್ಮ ಹಿತ್ತಲಿನಲ್ಲೇ, ಅಮ್ಮನ ಕೈಯಲ್ಲೇ ಆಗುತ್ತಿದ್ದುದು. ಸಮಿತಿಯ ಮುಖ್ಯಸ್ಥರು ನಾಗರಾಜಯ್ಯ ಅಂತ, ದಪ್ಪ ಕಟ್ಟಿನ ಕನ್ನಡಕದ ದೊಡ್ಡ ಮನುಷ್ಯರು. ಅವರ ಕೈಯಲ್ಲಿ ಲೋಟ ಇತ್ತು. ಉಳಿದಿಬ್ಬರ ಕೈಯಲ್ಲೂ ಇತ್ತು. ಅಪ್ಪನ ಕೈಯಲ್ಲೂ ಇತ್ತು. ನಾನು ಅಡುಗೆಮನೆಗೆ ಓಡಿದೆ. ಹಿತ್ತಾಳೆ ಪಾತ್ರೆ ಬರಿದಾಗಿತ್ತು. ಸೌಟು ಅದರೊಳಗೇ ಬಿದ್ದಿತ್ತು. ಅಜ್ಜಿ ಬಗ್ಗಿಸಿ ಕೊಟ್ಟಿದ್ದಳು. ಬಂದವರಿಗೆ ಬರಿಗೈ ತೋರಿಸಿದರೆ ಮನೆಯ ಮರ್ಯಾದೆ ಏನಾಗಬೇಕು!

ನಡುಕೋಣೆಯ ಬಾಗಿಲಲ್ಲಿ ನಿಂತೆ. ಒಳಗೆ ಅಮ್ಮ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸುತ್ತಿತ್ತು.

“ಈ ಸಲ ಜನ ಜಾಸ್ತಿ ಬರ್ತಾರೆ ರಾಯರೇ,” ಅಂದರು ನಾಗರಾಜಯ್ಯ. “ಪಾನಕ ಹೋದ ವರ್ಷದ ಎರಡರಷ್ಟು ಬೇಕಾಗತ್ತೆ. ನಿಮ್ಮನೆಯವರು ಕಾಣ್ತಾ ಇಲ್ಲ?”

“ಸ್ವಲ್ಪ ಮೈ ಬಿಸಿ, ಮಲಗಿದಾಳೆ. ಅಷ್ಟೊತ್ತಿಗೆ ಎದ್ದೇಳ್ತಾಳೆ ಬಿಡಿ. ಪಾನಕ ತಾನೆ, ಏನು ಮಹಾ. ಮಾಡಿಸ್ಕೊಡ್ತೀನಿ.”

ಮಾಡಿಸ್ಕೊಡ್ತೀನಿ! ಆ ಪದ ನನ್ನ ಕಿವಿಯಲ್ಲಿ ಈಗಲೂ ಇದೆ. ನಡೆದುಕೊಂಡು ಬಚ್ಚಲಿಗೆ ಹೋಗಲಾರದವಳನ್ನು ಒರಳಿನ ಮುಂದೆ ಕೂರಿಸುವ ಮಾತನ್ನು, ಅವಳಿಗೆ ಅಂತ ಬೇಯಿಸಿದ್ದನ್ನು ಕುಡಿಯುತ್ತಲೇ ಆಡಿದರು. ಒದ್ದೆ ತಲೆಯಲ್ಲೇ ಹಜಾರದ ನಡುವೆ ಹೋಗಿ ನಿಂತೆ.

“ಅಮ್ಮಂಗೆ ಕಾಮಾಲೆ. ಏಳಬಾರ್ದು ಅಂತ ಡಾಕ್ಟ್ರು ಹೇಳಿದಾರೆ. ನೀವು ಕುಡೀತಿರೋದು ಅಮ್ಮಂಗೆ ಅಂತ ನಾನು ಮಾಡಿದ್ದು.”

ಮೊದಲು ನಾಗರಾಜಯ್ಯ ಲೋಟವನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಸಂಕೋಚ ಕಾಣುತ್ತದೆಂದು ನಾನು ಕಾದಿದ್ದೆ. ಕಂಡದ್ದು ಭಯ. ಉಳಿದವರೂ ಲೋಟಗಳನ್ನು ಸುಡುವ ಕೆಂಡದಂತೆ ಕೈಯಿಂದ ಇಳಿಸಿದರು. ಒಬ್ಬರು ಕರವಸ್ತ್ರದಿಂದ ತುಟಿ ಒರೆಸಿಕೊಂಡೇ ಒರೆಸಿಕೊಂಡರು.

“ಕಾಮಾಲೇನಾ? ಅಂಟತ್ತೆ ಅಂತಾರಲ್ರೀ! ಮೊದಲೇ ಹೇಳಬಾರದೇನ್ರೀ ರಾಯರೇ?”

ಅಮ್ಮ ಹೇಗಿದ್ದಾಳೆಂದು ಒಬ್ಬರೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಅವರು ಗೇಟು ದಾಟಿದ ಮೇಲೆ ಅಪ್ಪ ನನ್ನ ಕಡೆ ತಿರುಗಿದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿಲ್ಲ. ಬೀದಿಯಲ್ಲಿ ತಲೆ ಎತ್ತದ ಹಾಗೆ ಮಾಡಿದೆ ಅಂದರು. ಹೆಣ್ಣು ಹುಡುಗಿಗೆ ಇಷ್ಟುದ್ದ ನಾಲಿಗೆ ಆಗದು ಎಂದು ಅಜ್ಜಿ ಗೋಡೆಗೆ ಹೇಳಿದಳು. ಇವೆಲ್ಲ ನನಗೆ ನಾಟಲಿಲ್ಲ. ನಾಟಿದ್ದು ಒಳಗಿನಿಂದ ಬಂದ ಅಮ್ಮನ ದನಿ.

“ವಸು, ಇಲ್ಲಿ ಬಾ. ಬಂದೋರ ಮುಂದೆ ಹಾಗೆಲ್ಲ ಮಾತಾಡ್ತಾರೇನೇ? ಅಪ್ಪನ ಹತ್ರ ತಪ್ಪಾಯ್ತು ಅಂತ ಹೇಳು.”

“ನಾನು ಹೇಳಲ್ಲ.”

“ಒಂದು ಲೋಟ ಬಾರ್ಲಿ ನೀರಿಗೆ ಇಷ್ಟು ರಂಪಾಟನಾ?”

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವರೆಲ್ಲರ ಮೇಲಿದ್ದುದಕ್ಕಿಂತ ಅಮ್ಮನ ಮೇಲೆ ಸಿಟ್ಟು ಬಂದಿತ್ತು. ಯಾರ ಪರವಾಗಿ ನಿಂತಿದ್ದೆನೋ ಅವಳೇ ನನ್ನನ್ನು ಕ್ಷಮೆ ಕೇಳೆಂದಳಲ್ಲ. ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ, ಕೇಳಬೇಕಿತ್ತೆಂದು ಅನ್ನಿಸಿಯೂ ಇಲ್ಲ.

ವಿಷಯ ಬನಶಂಕರಿಯಲ್ಲಿದ್ದ ಸೋದರಮಾವನ ಕಿವಿಗೆ ಬಿತ್ತು. ಅಮ್ಮನ ತಮ್ಮ ಅವನು, ಮಾತು ಕಡಿಮೆ. ಮಾರನೆಯ ದಿನವೇ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿ, “ಅಕ್ಕನ್ನ ಕರ್ಕೊಂಡು ಹೋಗ್ತೀನಿ ಭಾವ” ಎಂದ. ಅಪ್ಪ ಬೇಡವೆನ್ನಲು ಬಾಯಿ ತೆರೆದರು, ಅವನ ಮುಖ ನೋಡಿ ಮುಚ್ಚಿದರು. ಪರೀಕ್ಷೆಗಳಿದ್ದುದರಿಂದ ನಾನೂ ಅಣ್ಣನೂ ಮನೆಯಲ್ಲೇ ಉಳಿದೆವು. ಆಟೋ ತಿರುವಿನಲ್ಲಿ ಮರೆಯಾಗುತ್ತಿದ್ದ ಹಾಗೆ ಅಜ್ಜಿ ಮಂಚಕ್ಕೆ ವಾಪಸಾಗಿ ಹೇಳಿದಳು:

“ವಸು, ಬಿಸಿಲು ಏರ್ತಾ ಇದೆ. ಅಪ್ಪಂಗೆ ಮಜ್ಜಿಗೆ ಮಾಡು.”

“ಅಣ್ಣಂಗೆ ಹೇಳಿ.”

“ಅವನು ಗಂಡು ಹುಡುಗ, ಅವನಿಗೇನು ಗೊತ್ತಾಗತ್ತೆ?”

“ನಂಗೂ ಗೊತ್ತಿಲ್ಲ. ಏನು ಮಹಾ ಅಂತೀರಲ್ಲ, ನೀವೇ ಮಾಡ್ಕೊಳ್ಳಿ.”

ಅನ್ನ ಮಾಡಿದೆ, ಸಾರು ಮಾಡಿದೆ. ಅಮ್ಮನಿಲ್ಲದ ಮನೆಯಲ್ಲಿ ಎಲ್ಲರೂ ಉಪವಾಸ ಬೀಳಲಿ ಎನ್ನುವಷ್ಟು ಕಲ್ಲುಹೃದಯ ನನ್ನದಲ್ಲ. ಆದರೆ ಮಜ್ಜಿಗೆ, ಪಾನಕ, ಕಷಾಯ ಯಾವುದನ್ನೂ ಮಾಡಲಿಲ್ಲ. ಅಜ್ಜಿ ಬೈದಳು, ಊಟ ಬಿಟ್ಟಳು, ನೆಂಟರ ಹೆಸರೆತ್ತಿ ಹೆದರಿಸಿದಳು. ಅಪ್ಪ ಕಚೇರಿಯಿಂದ ಬಂದು ಫ್ಯಾನಿನ ಕೆಳಗೆ ಕೂತು ಒಳಗಿನ ಕತ್ತಲೆ ನೋಡುತ್ತಿದ್ದರು. ಒಂದು ಸಂಜೆ ತಾವೇ ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದದ್ದನ್ನು ನೋಡಿದೆ. ರಾಮನವಮಿಯ ದಿನ ಚಪ್ಪರದಲ್ಲಿ ಯಾರೋ ಕಿತ್ತಳೆ ಬಣ್ಣದ ಪುಡಿ ಕಲಸಿ ಹಂಚಿದರು. ಅಜ್ಜಿ ಅದನ್ನು ಒಂದು ಗುಟುಕು ಕುಡಿದು ಉಗಿದಳು.

ಅದಾದ ಮೊದಲ ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಬನಶಂಕರಿಗೆ ಹೊರಟರು. ಮಾವ ಯಾವುದೋ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಸರಸತ್ತೆ ನಮ್ಮನ್ನು ಕೂರಿಸಿ, “ಒಂದ್ನಿಮಿಷ, ತರಕಾರಿ ತಗೊಂಡು ಬಂದ್ಬಿಡ್ತೀನಿ” ಎಂದು ಚೀಲ ಹಿಡಿದು ಹೊರಟಳು. ಅಮ್ಮ ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣಿನ ಹಳದಿ ಎಷ್ಟೋ ಇಳಿದಿತ್ತು. ಅವಳ ಮೇಲೆ ಬಿಸಿಲು ಬಿದ್ದಿತ್ತು. ಅಮ್ಮನ ಮುಖದ ಮೇಲೆ ಹಗಲಿನ ಬೆಳಕು ಬಿದ್ದದ್ದನ್ನು ನಾನು ನೋಡಿದ್ದು ಕಡಿಮೆ. ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಛತ್ರಿಯ ಹಿಡಿಕೆ ತಿರುಗಿಸುತ್ತಿದ್ದರು.

“ಯಾವಾಗ ಬರ್ತೀಯ?”

“ಡಾಕ್ಟ್ರು ಹೇಳಲಿ.”

“ಮನೇಲಿ ತುಂಬಾ ಕಷ್ಟ ಆಗ್ತಿದೆ. ಒಂದು ಮಜ್ಜಿಗೆ ಮಾಡೋರಿಲ್ಲ.”

ಅಮ್ಮ ಅಪ್ಪನ ಕಡೆ ನೋಡಿದಳು. ದನಿ ಏರಿಸಲಿಲ್ಲ.

“ಮೊಸರಿದೆ, ನೀರಿದೆ, ಉಪ್ಪಿದೆ. ಅದ್ರಲ್ಲೇನು ಮಹಾ ರೀ?”

ಅಪ್ಪನ ಮುಖ ಕೆಂಪಾಯಿತು. ನನಗೆ ಎದ್ದು ಕುಣಿಯಬೇಕೆನ್ನಿಸಿತು, ಹೆದರಿಕೆಯೂ ಆಯಿತು. ಆಮೇಲೆ ಅಮ್ಮ, ಬಾಯಿ ಒಣಗುತ್ತಿದೆ, ಒಂದು ಲೋಟ ಮಜ್ಜಿಗೆ ಕೊಡು ಎಂದು ನನ್ನನ್ನು ಕೇಳಿದಳು. ನಾನು ಏಳುವುದರೊಳಗೆ ಅಪ್ಪ ಛತ್ರಿಯನ್ನು ಕುರ್ಚಿಗೆ ಒರಗಿಸಿದರು.

“ನೀನು ಕೂತ್ಕೋ,” ಎಂದು ನನಗೆ ಹೇಳಿ ಅಡುಗೆಮನೆಗೆ ನಡೆದರು.

ಒಳಗಿನಿಂದ ಡಬ್ಬಗಳು ಉರುಳಿದ ಸದ್ದು, ಪಾತ್ರೆ ಬಿದ್ದ ಸದ್ದು. ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಅಪ್ಪ ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ಚೆಲ್ಲುತ್ತ ಬಂದರು. ಮೊಸರಿನ ಗಟ್ಟಿಗಳು ಮೇಲೆ ತೇಲುತ್ತಿದ್ದವು. ಅಮ್ಮ ಇಸಕೊಂಡು ನಿಧಾನವಾಗಿ ಪೂರ್ತಿ ಕುಡಿದು ಲೋಟವನ್ನು ವಾಪಸು ಕೊಟ್ಟಳು. ಅಪ್ಪ ಖಾಲಿ ಲೋಟ ಹಿಡಿದುಕೊಂಡು ನಿಂತಿದ್ದಾಗಲೇ ಸರಸತ್ತೆ ಬಾಗಿಲಿಗೆ ಬಂದಳು. ಅವಳ ಕೈಯಿಂದ ಚೀಲ ಜಾರಿತು.

“ಅಯ್ಯೋ ಭಾವ! ನೀವ್ಯಾಕೆ? ದೇವ್ರೇ, ಎಂಥಾ ಗಂಡನ್ನ ಪಡೆದಿದೀರಿ ಅತ್ತಿಗೆ!”

ಅಮ್ಮ ಮಳೆ ಶುರುವಾಗುವ ಹೊತ್ತಿಗೆ ಮನೆಗೆ ಬಂದಳು, ಬಂದ ವಾರದಲ್ಲೇ ಕಷಾಯದ ಪುಡಿ ಹುರಿದಳು. ಮನೆ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರುವರ್ಷ ಸಮಿತಿಯವರು ಬಂದಾಗ ಅಪ್ಪ “ಅವಳನ್ನೇ ಕೇಳಿ” ಅಂದದ್ದು ನಿಜ. ಅಮ್ಮ ಬಾಗಿಲ ಹಿಂದಿನಿಂದಲೇ, ಬೆಲ್ಲ ಕುಟ್ಟಲು ನಿಮ್ಮ ಕಡೆಯ ಗಂಡಸರನ್ನು ಕಳಿಸುವುದಾದರೆ ಆಗಲಿ ಎಂದಳು. ಇಬ್ಬರು ಬಂದು ಅಂಗೈ ಬೊಬ್ಬೆ ಬರಿಸಿಕೊಂಡರು, ಅದರ ಮುಂದಿನ ವರ್ಷದಿಂದ ಸಮಿತಿಯವರು ಪಾನಕವನ್ನು ಅಡುಗೆಯವರಿಗೆ ವಹಿಸಿದರು. ಇಷ್ಟು ಬಿಟ್ಟರೆ ಕುಡಿಯುವವರು ಕುಡಿಯುತ್ತಲೇ ಇದ್ದರು, ಸೋಸುವವಳು ಸೋಸುತ್ತಲೇ ಇದ್ದಳು.

ಆದರೆ ಸರಸತ್ತೆ ಕಂಡ ಆ ಒಂದು ಲೋಟ ಮಜ್ಜಿಗೆ ನಮ್ಮ ಬಳಗದಲ್ಲಿ ಪುರಾಣವಾಗಿಬಿಟ್ಟಿತು! ಮದುವೆ ಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ ಅದನ್ನು ಹೇಳಿದರು. ಗಂಡಂದಿರಿಗೆ ಅಪ್ಪನನ್ನು ತೋರಿಸಿ ಬುದ್ಧಿ ಹೇಳಿದರು. ಮಗ ಹೆಂಡತಿಗೆ ಸೇವೆ ಮಾಡಿದನೆಂದು ಮೊದಮೊದಲು ಕೊರಗಿದ ಅಜ್ಜಿಯೂ ಕೊನೆಗೆ ಹೆಮ್ಮೆಯಿಂದ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಒಂದು ಲೋಟ ಒಂದು ಇಡೀ ಬೇಸಿಗೆಯಾಯಿತು. ಅಪ್ಪ ತೀರಿಕೊಂಡಾಗ ವೈಕುಂಠ ಸಮಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಒಬ್ಬರು ಎದ್ದು ನಿಂತು, ಹೆಂಡತಿಗೆ ಕಾಯಿಲೆಯಾದಾಗ ಕೈಯಾರೆ ಮಜ್ಜಿಗೆ ಕಡೆದುಕೊಟ್ಟ ಪುಣ್ಯಾತ್ಮ ಎಂದು ಕಣ್ಣೊರೆಸಿಕೊಂಡರು. ಸುತ್ತ ಕೂತಿದ್ದವರಲ್ಲಿ ಅಮ್ಮನ ಪಾನಕ ಕುಡಿಯದ ಒಂದು ಬಾಯಿಯೂ ಇರಲಿಲ್ಲ. ಅವತ್ತು ಅವಳ ಬಗ್ಗೆ ಎದ್ದು ನಿಂತು ಹೇಳಿದವರು ಯಾರೂ ಇರಲಿಲ್ಲ. ಅಪ್ಪನ ಮೇಲಿನ ದುಃಖ ನನಗೂ ಇತ್ತು. ಆ ದುಃಖದ ನಡುವೆಯೂ ಕೂತಿರಲಾಗದೆ ಎದ್ದು ಒಳಗಿನ ಕೋಣೆಗೆ ಹೋದೆ. ಅಮ್ಮ ಚಾಪೆಯ ಮೇಲೆ ಒಬ್ಬಳೇ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನಿಂಗೆ ಸಿಟ್ಟೇ ಬರಲ್ವೇನಮ್ಮಾ? ಒಂದೇ ಒಂದು ಲೋಟ! ಅದನ್ನ ಊರೆಲ್ಲ ಹೊತ್ಕೊಂಡು ಮೆರೀತಾರಲ್ಲ.”

“ಹೇಳ್ಕೊಳ್ಳಲಿ ಬಿಡೇ. ಉಪ್ಪು ಸುರಿದುಬಿಟ್ಟಿದ್ರು, ಬಾಯಿಗೆ ಇಡೋ ಹಾಗಿರ್ಲಿಲ್ಲ.” ಅವಳು ಸಣ್ಣಗೆ ನಕ್ಕಳು. “ನಾನು ಯಾರಿಗೂ ಹೇಳಿಲ್ಲ.”

“ಪೂರ್ತಿ ಕುಡಿದ್ಯಲ್ಲ ಮತ್ತೆ?”

“ಕುಡಿದೆ. ಇನ್ನೊಂದು ಲೋಟ ಕೇಳೋಣ ಅಂತಾನೂ ಅನ್ನಿಸ್ತು.”

“ಕೇಳಬೇಕಿತ್ತು. ಯಾಕೆ ಕೇಳ್ಲಿಲ್ಲ?”

ಅಮ್ಮ ನನ್ನ ಮುಖವನ್ನೇ ನೋಡಿದಳು, ಇಷ್ಟು ಓದಿದವಳು ಇದನ್ನೂ ಕೇಳಬೇಕೇ ಎನ್ನುವ ಹಾಗೆ.

“ಕೇಳಿ ಅಭ್ಯಾಸ ಇರ್ಲಿಲ್ಲ ಕಣೇ.”